ಸಿದ್ಧಗಂಗೆಯ ದನಗಳ ಜಾತ್ರೆಗೆ ಬಂದವರಿಗೆ ಊಟ-ತಿಂಡಿಗೆ ಎಲ್ಲಿ ಅನುಕೂಲ?

ಪ್ರಶ್ನೆ: ಚಿಕ್ಕಬಳ್ಳಾಪುರದಿಂದ

ಎಲ್ಲರಿಗೂ ನಮಸ್ಕಾರ. ಈ ಸಲ ಶಿವರಾತ್ರಿಗೆ ಮುಂಚಿತವಾಗಿಯೇ ಸಿದ್ಧಗಂಗೆಯ ದನಗಳ ಜಾತ್ರೆಗೆ ಹೋಗಿಬರಬೇಕೆಂದು ಮನೆಯಲ್ಲಿ ನಿಶ್ಚಯವಾಗಿದೆ. ದೊಡ್ಡಬಳ್ಳಾಪುರ, ದಾಬಸ್‌ಪೇಟೆ ಮಾರ್ಗವಾಗಿ ಕಾರಿನಲ್ಲಿ ಬರುತ್ತೇವೆ. ನಮ್ಮ ತಂದೆಯವರು ಬಹಳ ಕಾಲ ಹಳ್ಳಿಕಾರ್ ಎತ್ತುಗಳನ್ನು ಕಟ್ಟಿ ಬೇಸಾಯ ಮಾಡಿದವರು. ನಮ್ಮ ಕಡೆಯ ನಂದಿ ಜಾತ್ರೆ ಅವರಿಗೆ ಅಂಗೈ ಗೆರೆಯಷ್ಟು ಪರಿಚಯ, ಆದರೆ ಸಿದ್ಧಗಂಗೆಯ ಜಾತ್ರೆಯನ್ನು ಇದುವರೆಗೆ ನೋಡಿಲ್ಲ. ಎತ್ತು ಕೊಳ್ಳುವ ಉದ್ದೇಶ ನಮಗಿಲ್ಲ. ಒಳ್ಳೆಯ ಜೋಡಿಗಳನ್ನು ಕಣ್ತುಂಬ ನೋಡಬೇಕು, ಹಲ್ಲು ನೋಡಿ ನಾಲ್ಕು ಜನರೊಡನೆ ಮಾತನಾಡಬೇಕು ಎಂಬುದಷ್ಟೇ ಅವರ ಆಸೆ.

ನನ್ನ ಚಿಂತೆ ಊಟದ್ದು. ತಂದೆಯವರಿಗೆ ಸಕ್ಕರೆ ಕಾಯಿಲೆಯಿದೆ, ಊಟ ಹೊತ್ತು ಮೀರುವಂತಿಲ್ಲ. ಜೊತೆಗೆ ಇಬ್ಬರು ಮಕ್ಕಳಿರುತ್ತಾರೆ. ಜಾತ್ರೆಯ ಬಯಲಿಗೆ ಹೋಗುವ ಮುನ್ನ ತಿಂಡಿಗೆ ಎಲ್ಲಿ ನಿಲ್ಲುವುದು ಒಳ್ಳೆಯದು? ಮಧ್ಯಾಹ್ನ ಮಠದ ದಾಸೋಹದಲ್ಲಿ ಊಟ ಮಾಡಬಹುದೆಂದು ಹಲವರು ಹೇಳುತ್ತಾರೆ. ಮಠದ ಭಕ್ತರಲ್ಲದೆ, ಕೇವಲ ಜಾತ್ರೆ ನೋಡಲು ಬಂದ ನಮ್ಮಂಥವರು ಅಲ್ಲಿ ಕೂರುವುದು ಸರಿಯೇ? ಹಿಂದಿರುಗುವಾಗ ಸಂಜೆಗೆ ತುಮಕೂರು ಪೇಟೆಯೊಳಗೆ ಹೋಗುವುದು ವಾಸಿಯೋ, ಹೆದ್ದಾರಿಯಲ್ಲೇ ಮುಗಿಸುವುದು ವಾಸಿಯೋ? ಅನುಭವವಿರುವವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.

ಉತ್ತರ: ಕ್ಯಾತ್ಸಂದ್ರದ ನಿವಾಸಿ

ನಮ್ಮ ಊರಿನ ಜಾತ್ರೆಗೆ ತಂದೆಯವರನ್ನು ಕರೆದುಕೊಂಡು ಬರುತ್ತಿರುವುದು ಕೇಳಿ ಸಂತೋಷವಾಯಿತು. ತಿಂಡಿಯ ವಿಷಯದಲ್ಲಿ ನೀವು ಯೋಚನೆ ಮಾಡುವ ಅಗತ್ಯವೇ ಇಲ್ಲ. ದಾಬಸ್‌ಪೇಟೆಯಿಂದ ಹೆದ್ದಾರಿ ಹಿಡಿದು ಬಂದರೆ ಮಠಕ್ಕೆ ತಿರುಗುವ ಮೊದಲೇ ಕ್ಯಾತ್ಸಂದ್ರ ಸಿಗುತ್ತದೆ, ಮತ್ತು ಕ್ಯಾತ್ಸಂದ್ರ ಎಂದರೆ ತಟ್ಟೆ ಇಡ್ಲಿ. ಇಲ್ಲಿನ ಪವಿತ್ರ ಹೋಟೆಲಿನ ಹೆಸರು ಬೆಂಗಳೂರಿನವರಿಗೂ ಗೊತ್ತು. ಅದಲ್ಲದೆ ರಸ್ತೆಯ ಆಸುಪಾಸಿನಲ್ಲಿ ಇಡ್ಲಿಯನ್ನೇ ನಂಬಿ ನಡೆಯುವ ಸಣ್ಣ ಹೋಟೆಲುಗಳೂ ಇವೆ. ಎಲ್ಲಿ ಜನ ನಿಂತು ತಿನ್ನುತ್ತಿದ್ದಾರೋ, ಎಲ್ಲಿ ಹಬೆಯ ಪಾತ್ರೆಯ ಮುಚ್ಚಳ ಮತ್ತೆ ಮತ್ತೆ ತೆರೆಯುತ್ತಿದೆಯೋ ಅಲ್ಲಿ ನಿಲ್ಲಿಸಿ. ತಟ್ಟೆ ಇಡ್ಲಿ ಹಬೆಯಿಂದ ಇಳಿದು ನೇರವಾಗಿ ಎಲೆಗೆ ಬಂದಾಗ ಮಾತ್ರ ಅದರ ಮೆದುವು ತಿಳಿಯುತ್ತದೆ. ಅಂಗೈಗಿಂತ ಅಗಲವಾದ ಆ ಇಡ್ಲಿಯ ಮೇಲೆ ಬೆಣ್ಣೆಯ ಮುದ್ದೆಯೊಂದನ್ನು ಇಟ್ಟರೆ ಅದು ಕರಗಿ ಇಡ್ಲಿಯ ರಂಧ್ರಗಳಿಗೆ ಇಳಿಯುವಷ್ಟು ಬಿಸಿ ಇರಬೇಕು. ಬೆಣ್ಣೆ ಕರಗದೆ ಹಾಗೆಯೇ ಕುಳಿತಿದ್ದರೆ ಆ ಇಡ್ಲಿ ಇಳಿದು ಬಹಳ ಹೊತ್ತಾಗಿದೆ ಎಂದು ಅರ್ಥ. ಮಕ್ಕಳಿಗೆ ಒಂದೊಂದು ಸಾಕು, ದೊಡ್ಡವರಿಗೆ ಒಂದು ಇಡ್ಲಿ, ಒಂದು ಉದ್ದಿನ ವಡೆ ಸಾಕಾಗುತ್ತದೆ.

ಒಂದು ಮಾತನ್ನು ಮಾತ್ರ ಒತ್ತಿ ಹೇಳುತ್ತೇನೆ. ಬೆಳಿಗ್ಗೆ ಏಳು ಗಂಟೆಯೊಳಗೆ ತಿಂಡಿ ಮುಗಿಸಿ ಬಯಲಿಗೆ ಬನ್ನಿ. ದನಗಳನ್ನು ನೋಡುವ ಹೊತ್ತು ಅದೇ. ಎತ್ತುಗಳ ಮೈ ಉಜ್ಜಿ, ಕೊಂಬಿಗೆ ಎಣ್ಣೆ ಸವರಿ, ಕೊರಳಿಗೆ ಗೆಜ್ಜೆ ಕಟ್ಟಿ ನಿಲ್ಲಿಸುವುದು ಬಿಸಿಲೇರುವ ಮೊದಲು. ಹತ್ತು ಗಂಟೆ ದಾಟಿತೆಂದರೆ ಅವು ಚಪ್ಪರದ ನೆರಳಿನಲ್ಲಿ ಮಲಗಿ ಮೆಲುಕು ಹಾಕುತ್ತಿರುತ್ತವೆ, ಧಣಿಗಳೂ ತೂಕಡಿಸುತ್ತಿರುತ್ತಾರೆ. ಜಾತ್ರೆ ನೋಡಿಕೊಂಡು ಆಮೇಲೆ ತಿಂಡಿ ತಿನ್ನೋಣವೆಂದರೆ ನಿಮ್ಮ ತಂದೆಯವರ ಆರೋಗ್ಯಕ್ಕೂ ಆಗದು, ಹೋಟೆಲಿನಲ್ಲಿ ಜಾಗವೂ ಸಿಗದು.

ದಾಸೋಹದ ಬಗ್ಗೆ ನೀವು ಕೇಳಿದ್ದೀರಿ. ಸಂಕೋಚವೇ ಬೇಡ. ಮಠದಲ್ಲಿ ಸುಮಾರು ಹತ್ತು ಸಾವಿರ ವಿದ್ಯಾರ್ಥಿಗಳಿಗೆ ಉಚಿತ ಊಟ, ವಸತಿ, ವಿದ್ಯೆ ನಡೆಯುತ್ತಿದೆ; ಅದೇ ಅಡುಗೆಮನೆಯ ಅನ್ನ ಬಂದ ಭಕ್ತರಿಗೂ, ದಾರಿಹೋಕರಿಗೂ ಸಲ್ಲುತ್ತದೆ. ಯಾರು, ಎಲ್ಲಿಯವರು, ಯಾವ ಜಾತಿ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಲಿಂಗೈಕ್ಯ ಡಾ. ಶಿವಕುಮಾರ ಸ್ವಾಮೀಜಿಯವರು ಬದುಕಿನುದ್ದಕ್ಕೂ ನಡೆಸಿಕೊಂಡು ಬಂದದ್ದು ಇದನ್ನೇ. ಅವರು ಲಿಂಗೈಕ್ಯರಾದ 2019ರ ಜನವರಿ 21ರ ನೆನಪಿಗಾಗಿ ಆ ದಿನವನ್ನು ರಾಜ್ಯ ಸರ್ಕಾರವು ದಾಸೋಹ ದಿನವೆಂದು ಘೋಷಿಸಿದೆ. ಹೀಗಿರುವಾಗ ಎತ್ತು ನೋಡಲು ಬಂದವರು ಊಟಕ್ಕೆ ಕೂರುವುದು ತಪ್ಪಾಗುವುದು ಹೇಗೆ? ನೆಲದ ಮೇಲೆ ಪಂಕ್ತಿಯಲ್ಲಿ ಕೂರಬೇಕು. ತಂದೆಯವರಿಗೆ ಮಂಡಿನೋವಿದ್ದರೆ ಬಡಿಸುವವರಿಗೆ ಮೊದಲೇ ಒಂದು ಮಾತು ತಿಳಿಸಿ. ಎಲೆಯಲ್ಲಿ ಒಂದಗುಳನ್ನೂ ಬಿಡದಿರುವುದು ಅಲ್ಲಿನ ಮರ್ಯಾದೆ, ಆದ್ದರಿಂದ ಮಕ್ಕಳಿಗೆ ಬೇಕಾದಷ್ಟನ್ನೇ ಹಾಕಿಸಿ. ಕೈಲಾದರೆ ಒಂದಿಷ್ಟು ಅಕ್ಕಿಯನ್ನೋ ಬೇಳೆಯನ್ನೋ ತರಕಾರಿಯನ್ನೋ ದಾಸೋಹಕ್ಕೆ ಒಪ್ಪಿಸಿ ಹೋಗುವ ಪದ್ಧತಿ ನಮ್ಮ ಸುತ್ತಲ ಹಳ್ಳಿಗಳಲ್ಲಿ ಹಿಂದಿನಿಂದಲೂ ಇದೆ, ಅದು ಕಡ್ಡಾಯವಲ್ಲ.

ಉತ್ತರ: ಕುಣಿಗಲ್ ಕಡೆಯ ರೈತ

ಮೇಲಿನವರು ಹೇಳಿದ್ದೆಲ್ಲ ಸರಿಯಾಗಿದೆ. ನಾನು ಜಾತ್ರೆಯಲ್ಲಿ ಎತ್ತು ಕಟ್ಟುವವನಾದ್ದರಿಂದ ಚಪ್ಪರದೊಳಗಿನ ಸಂಗತಿಯನ್ನು ಸ್ವಲ್ಪ ತಿಳಿಸುತ್ತೇನೆ.

ಜೋಡಿಗಳನ್ನು ಹೊಡೆದುಕೊಂಡು ಬಂದ ನಾವು ವ್ಯಾಪಾರ ಕುದುರುವವರೆಗೆ ಅಲ್ಲಿಯೇ ಬಿಡಾರ ಹೂಡುತ್ತೇವೆ. ಹುಲ್ಲು, ಬೂಸಾ, ಹಿಂಡಿ, ಹುರುಳಿಯ ಜೊತೆಗೆ ರಾಗಿಹಿಟ್ಟಿನ ಚೀಲವೂ ಅದೇ ಗಾಡಿಯಲ್ಲಿ ಬಂದಿರುತ್ತದೆ. ಎತ್ತಿಗೆ ಬೇಯಿಸಿದ ಹುರುಳಿಯ ಕಟ್ಟನ್ನು ಬಸಿದುಕೊಂಡು, ಅದಕ್ಕೆ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಿಸೆಹಣ್ಣು, ಉಪ್ಪು ಅರೆದು ಹಾಕಿ ಕುದಿಸಿದ ಸಾರು, ಮೂರು ಕಲ್ಲಿನ ಒಲೆಯ ಮೇಲೆ ತೊಳಸಿದ ಮುದ್ದೆ: ಬಯಲಿನಲ್ಲಿ ನಮ್ಮ ಊಟ ಇಷ್ಟೆ. ಆ ಸಾರಿನ ರುಚಿಯನ್ನು ನಾನು ಯಾವ ಹೋಟೆಲಿನಲ್ಲಿಯೂ ಕಂಡಿಲ್ಲ. ಎತ್ತೂ ಒಡೆಯನೂ ಒಂದೇ ಹುರುಳಿಯನ್ನು ತಿಂದು ಒಂದೇ ಚಪ್ಪರದಡಿ ಮಲಗುವ ದಿನಗಳು ಅವು, ವರ್ಷವಿಡೀ ನಾವು ಎದುರು ನೋಡುವುದು ಅದನ್ನೇ.

ನಿಮ್ಮ ತಂದೆಯವರು ಎತ್ತು ಕಟ್ಟಿ ಉತ್ತವರು ಎನ್ನುತ್ತೀರಿ. ಅವರು ಒಂದು ಜೋಡಿಯ ಮುಂದೆ ನಿಂತು ಕೊಂಬಿನ ತಿರುವನ್ನೋ ಸುಳಿಯನ್ನೋ ಗಮನಿಸಿ, ಹಾಲುಹಲ್ಲೋ, ಎರಡು ಹಲ್ಲೋ, ಎಲ್ಲ ಹಲ್ಲೂ ಬಂದು ಬಾಯಿಗೂಡಿದೆಯೋ ಎಂದು ವಯಸ್ಸು ವಿಚಾರಿಸಿದರೆ ಸಾಕು, ಬಿಡಾರದವರು ತಾವಾಗಿಯೇ ‘ಬನ್ನಿ ಯಜಮಾನ್ರೆ, ಒಂದು ತುತ್ತು ಉಣ್ಣಿ’ ಎಂದು ಕರೆಯುತ್ತಾರೆ. ಕರೆದರೆ ಇಲ್ಲವೆನ್ನಬೇಡಿ. ಹಣ ಕೊಡಲು ಹೋಗಬೇಡಿ, ಅದು ಅವರ ಮನಸ್ಸಿಗೆ ನೋವಾಗುತ್ತದೆ. ಮಕ್ಕಳ ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣನ್ನೋ ಕಡಲೆಪುರಿಯ ಪೊಟ್ಟಣವನ್ನೋ ಕೊಡಿಸಿದರೆ ಬಾಂಧವ್ಯಕ್ಕೆ ಅದೇ ಸಾಕು. ಆದರೆ ಇಬ್ಬರು ಟವೆಲ್ಲಿನಡಿ ಕೈಯಿಟ್ಟು ಬೆರಳು ಹಿಡಿದು ಬೆಲೆ ಮಾತನಾಡುತ್ತಿರುವಾಗ ಮಾತ್ರ ಯಾರೂ ನಡುವೆ ಹೋಗಿ ಮಾತನಾಡಿಸಬಾರದು. ವ್ಯಾಪಾರ ಮುರಿದರೆ ಅವರಿಗೆ ವರ್ಷದ ಶ್ರಮವೇ ನಷ್ಟ.

ಬರುವ ದಿನವನ್ನು ಕುರಿತು ಒಂದು ಸಲಹೆ. ಶಿವರಾತ್ರಿಗಿಂತ ಮೊದಲು ಬರುವುದೇ ಲೇಸು. ರಥೋತ್ಸವದ ಹೊತ್ತಿಗೆ ಜನ ಹೆಚ್ಚುತ್ತಾರೆ, ಒಳ್ಳೆಯ ಜೋಡಿಗಳು ಮಾರಾಟವಾಗಿ ಹೊರಟುಬಿಟ್ಟಿರುತ್ತವೆ. ಅಲ್ಲದೆ ಶಿವರಾತ್ರಿಯ ದಿನ ಬಿಡಾರಗಳಲ್ಲಿ ಹೆಚ್ಚಿನವರಿಗೆ ಉಪವಾಸ. ಅಂದು ತಂಬಿಟ್ಟು, ಹೆಸರುಬೇಳೆ ಕೋಸಂಬರಿ, ಹಣ್ಣು, ಪಾನಕ ಇಷ್ಟರಲ್ಲೇ ಎಲ್ಲರೂ ದಿನ ಕಳೆಯುತ್ತಾರೆ. ತಂಬಿಟ್ಟು, ಪಾನಕ ಎರಡೂ ಬೆಲ್ಲದವು, ನಿಮ್ಮ ತಂದೆಯವರಿಗೆ ಹೊಂದಲಾರವು.

ಉತ್ತರ: ಪಶುವೈದ್ಯ, ತುಮಕೂರು

ಜನರ ಊಟದ ಮಾತಿನ ನಡುವೆ ದನಗಳ ಪರವಾಗಿಯೂ ಒಂದು ಕೋರಿಕೆ ಸಲ್ಲಿಸುತ್ತೇನೆ. ಜಾತ್ರೆಗೆ ಬರುವ ಪಟ್ಟಣದ ಕುಟುಂಬಗಳು ಪ್ರೀತಿಯಿಂದಲೇ ತಾವು ತಿಂದು ಉಳಿದ ಇಡ್ಲಿ, ಚಿತ್ರಾನ್ನ, ಮಿಠಾಯಿಗಳನ್ನು ಎತ್ತುಗಳ ಬಾಯಿಗೆ ಇಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳಿದ್ದು, ಅವುಗಳಲ್ಲಿ ದೊಡ್ಡದಾದ ಮೊದಲ ಕೋಣೆ ಹುಲ್ಲಿನಂಥ ನಾರಿನ ಮೇವನ್ನು ನಿಧಾನವಾಗಿ ಹುದುಗಿಸುವುದಕ್ಕಾಗಿ ಇರುವಂಥದ್ದು. ಬೆಂದ ಅನ್ನ, ಹಿಟ್ಟಿನ ಪದಾರ್ಥಗಳು ಹೆಚ್ಚಾಗಿ ಹೋದರೆ ಅಲ್ಲಿ ಬಹುಬೇಗ ಹುಳಿಯೇರಿ ಆಮ್ಲವಾಗುತ್ತವೆ. ದನ ಮೇವು ಬಿಡುತ್ತದೆ, ಮೆಲುಕು ನಿಲ್ಲಿಸುತ್ತದೆ, ಮಿತಿಮೀರಿದರೆ ಪ್ರಾಣಕ್ಕೂ ಅಪಾಯ. ನೀವು ಕೊಡುವುದು ಒಂದೇ ಇಡ್ಲಿ ಇರಬಹುದು, ಆದರೆ ಅಂದವಾದ ಜೋಡಿಯ ಮುಂದೆ ದಿನಕ್ಕೆ ನೂರಾರು ಜನ ನಿಲ್ಲುತ್ತಾರೆ. ಏನಾದರೂ ತಿನ್ನಿಸಲೇಬೇಕೆಂದು ಮಕ್ಕಳು ಹಟ ಹಿಡಿದರೆ ಒಡೆಯರನ್ನು ಕೇಳಿ ಅವರ ಮೇವಿನ ರಾಶಿಯಿಂದಲೇ ಒಂದು ಹಿಡಿ ಹುಲ್ಲು ಕೊಡಿಸಿ.

ತಿಂಡಿ ಕಟ್ಟಿಸಿಕೊಂಡು ಹೋಗುವುದಾದರೆ ಎಲೆಯಲ್ಲಿ, ಕಾಗದದಲ್ಲಿ ಕಟ್ಟಿಸಿ. ಚಟ್ನಿ ಅಂಟಿದ ಪ್ಲಾಸ್ಟಿಕ್ ಚೀಲವನ್ನು ದನ ಉಪ್ಪಿನ ಆಸೆಗೆ ನುಂಗಿಬಿಡುತ್ತದೆ. ಅದು ಜೀರ್ಣವಾಗುವುದೂ ಇಲ್ಲ, ಹೊರಗೆ ಬರುವುದೂ ಇಲ್ಲ. ಶಸ್ತ್ರಚಿಕಿತ್ಸೆ ಮಾಡಿ ತೆಗೆಯಬೇಕಾಗುತ್ತದೆ. ಹಾಗೆ ಹೊಟ್ಟೆಯಿಂದ ತೆಗೆದ ಪ್ಲಾಸ್ಟಿಕ್ಕಿನ ಗಂಟನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿದವರು ಬಯಲಿನಲ್ಲಿ ಕವರು ಎಸೆಯಲಾರರು.

ದನಗಳನ್ನು ಮುಟ್ಟಿದ ಮೇಲೆ ಊಟಕ್ಕೆ ಮುಂಚೆ ಎಲ್ಲರೂ ಸೋಪಿನಲ್ಲಿ ಕೈ ತೊಳೆಯಬೇಕೆಂಬುದನ್ನು ಮಕ್ಕಳಿಗೆ ಮೊದಲೇ ಹೇಳಿಡಿ. ಇನ್ನೊಂದು ಮಾತು: ಚರ್ಮಗಂಟು ರೋಗ ಹರಡಿದ್ದಾಗ ರಾಜ್ಯದ ಹಲವೆಡೆ ದನಗಳ ಜಾತ್ರೆಗಳಿಗೆ ನಿರ್ಬಂಧ ಹಾಕಲಾಗಿತ್ತು. ಆದ್ದರಿಂದ ಹೊರಡುವ ವಾರದಲ್ಲಿ ಪತ್ರಿಕೆಯಲ್ಲಿ ಜಾತ್ರೆಯ ಸುದ್ದಿಯನ್ನು ನೋಡಿಕೊಂಡು ಹೊರಡಿ.

ಪ್ರಶ್ನೆ ಕೇಳಿದವರು

ಇಷ್ಟು ವಿವರವಾಗಿ ತಿಳಿಸಿದ ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಹುರುಳಿಕಟ್ಟಿನ ಸಾರಿನ ಮಾತನ್ನು ಓದಿ ಹೇಳಿದಾಗ ತಂದೆಯವರ ಮುಖ ಅರಳಿತು. ತಾವು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಬಿಡಾರ ಮಾಡುತ್ತಿದ್ದ ದಿನಗಳನ್ನು ಬಹಳ ಹೊತ್ತು ಹೇಳಿದರು. ಎರಡು ಸಂದೇಹಗಳು ಉಳಿದಿವೆ. ದಾಸೋಹದಲ್ಲಿ ಪಂಕ್ತಿಗಾಗಿ ಬಹಳ ಹೊತ್ತು ಕಾಯಬೇಕಾದರೆ ತಂದೆಯವರಿಗೆ ಕಷ್ಟವಾದೀತೆ? ಹಾಗೆಯೇ ಜೊತೆಯಲ್ಲಿ ಬರುವ ನಮ್ಮ ಭಾವನವರಿಗೆ ಸಂಜೆ ಮಾಂಸದೂಟ ಬೇಕಂತೆ, ಅದಕ್ಕೆ ಹತ್ತಿರದಲ್ಲಿ ಎಲ್ಲಿ ಹೋಗಬಹುದು?

ಉತ್ತರ: ತುಮಕೂರು ಪೇಟೆಯವರು

ಮಾಂಸದೂಟಕ್ಕೆ ನೀವು ಮಠದ ಪರಿಸರ ಬಿಟ್ಟು ತುಮಕೂರಿನೊಳಗೆ ಬರಬೇಕು. ಕ್ಯಾತ್ಸಂದ್ರದಿಂದ ಪೇಟೆ ದೂರವೇನಿಲ್ಲ, ಬಿ.ಎಚ್. ರಸ್ತೆ ಹಿಡಿದರೆ ನೇರವಾಗಿ ಬಸ್ ನಿಲ್ದಾಣದ ಕಡೆಗೆ ಬರುತ್ತೀರಿ. ಅಲ್ಲಿಯೂ ಎಂ.ಜಿ. ರಸ್ತೆಯ ಸುತ್ತಲೂ ಸಸ್ಯಾಹಾರದ ದರ್ಶಿನಿಗಳು, ಮುದ್ದೆ-ನಾಟಿಕೋಳಿ ಸಾರಿನ ಮಿಲಿಟರಿ ಹೋಟೆಲುಗಳು, ದೊನ್ನೆ ಬಿರಿಯಾನಿಯ ಅಂಗಡಿಗಳು ಎಲ್ಲವೂ ಇವೆ. ಆದರೆ ನೀವು ಮರಳಿ ದಾಬಸ್‌ಪೇಟೆ ಕಡೆಗೇ ಹೋಗಬೇಕಾದವರು. ಜಾತ್ರೆಯ ಸಂಜೆ ಪೇಟೆಗೆ ಹೋಗಿ ಹಿಂದಿರುಗುವಷ್ಟರಲ್ಲಿ ವಾಹನಗಳ ಸಾಲಿನಲ್ಲಿ ಸಿಕ್ಕಿ ಕತ್ತಲಾಗುತ್ತದೆ, ವಯಸ್ಸಾದವರಿಗೆ ಅದು ಬೇಡ. ನನ್ನ ಅಭಿಪ್ರಾಯದಲ್ಲಿ ಹೆದ್ದಾರಿಯಲ್ಲೇ ಊರ ಕಡೆ ಹೊರಟು, ಭಾವನವರ ಊಟವನ್ನು ದೊಡ್ಡಬಳ್ಳಾಪುರಕ್ಕೆ ಇಟ್ಟುಕೊಳ್ಳುವುದೇ ಸರಿ. ಅಷ್ಟು ಹೊತ್ತಿಗೆ ಎಲ್ಲರಿಗೂ ಹಸಿವಾಗಿರುತ್ತದೆ, ಅಲ್ಲಿಂದ ನಿಮ್ಮ ಮನೆಯೂ ಹತ್ತಿರ.

ಮಠದ ಪಕ್ಕದ ಸಿದ್ಧಗಂಗೆ ಬೆಟ್ಟ ಹತ್ತುವ ಯೋಚನೆಯಿದ್ದರೆ ಊಟಕ್ಕೆ ಮೊದಲೇ ಹತ್ತಿ ಇಳಿಯಿರಿ, ಮತ್ತು ಮಕ್ಕಳ ಕೈಯಲ್ಲಿ ತಿನ್ನುವ ಪದಾರ್ಥ ಕೊಡಬೇಡಿ. ಮೆಟ್ಟಿಲುಗಳಲ್ಲಿ ಕೋತಿಗಳಿವೆ.

ಉತ್ತರ: ಕ್ಯಾತ್ಸಂದ್ರದ ನಿವಾಸಿ

ಪಂಕ್ತಿಯ ಬಗ್ಗೆ ಹೇಳುವುದಾದರೆ, ಸಾಮಾನ್ಯ ದಿನಗಳಲ್ಲಿ ಕಾಯುವುದು ಕಡಿಮೆ. ಜಾತ್ರೆಯ ದಿನಗಳಲ್ಲಿ ಒಂದು ಪಂಕ್ತಿ ಎದ್ದು ಇನ್ನೊಂದು ಕೂರುವವರೆಗೆ ನಿಲ್ಲಬೇಕಾಗುತ್ತದೆ. ಆದ್ದರಿಂದ ತಂದೆಯವರು ಮಾತ್ರೆಯನ್ನು ಸಾಲಿನಲ್ಲಿ ನಿಂತಾಗ ತೆಗೆದುಕೊಳ್ಳದೆ, ಎಲೆಯ ಮುಂದೆ ಕುಳಿತು ಬಡಿಸಲು ಆರಂಭವಾದ ಮೇಲೆ ತೆಗೆದುಕೊಳ್ಳಲಿ. ವೈದ್ಯರು ಊಟಕ್ಕೆ ಇಷ್ಟು ಹೊತ್ತು ಮುಂಚೆ ಎಂದು ಹೇಳಿದ್ದರೆ ಅವರನ್ನೇ ಒಮ್ಮೆ ವಿಚಾರಿಸಿಕೊಳ್ಳಿ. ಜೇಬಿನಲ್ಲಿ ನಾಲ್ಕು ಬಿಸ್ಕತ್ತು ಅಥವಾ ಒಂದಿಷ್ಟು ಹುರಿಗಡಲೆ ಇರಲಿ. ಮಧ್ಯಾಹ್ನ ಹನ್ನೆರಡಕ್ಕೆ ಮೊದಲೇ ಬಯಲಿನಿಂದ ಮಠದ ಕಡೆಗೆ ನಡೆದುಬಂದರೆ ಬಿಸಿಲೂ ತಪ್ಪುತ್ತದೆ, ಮೊದಲ ಪಂಕ್ತಿಗಳಲ್ಲೇ ಜಾಗವೂ ಸಿಗುತ್ತದೆ. ಕಾರನ್ನು ಬಯಲಿನ ಹತ್ತಿರಕ್ಕೆ ತರಲು ಪ್ರಯತ್ನಿಸಬೇಡಿ. ಪೊಲೀಸರು ತೋರಿಸಿದ ಕಡೆ ನಿಲ್ಲಿಸಿ, ತಂದೆಯವರನ್ನು ಮಾತ್ರ ಮಠದ ಕಮಾನಿನ ಬಳಿ ಇಳಿಸಿ ಹೋಗಿ. ಬರುವ ದಿನ ಗೊತ್ತಾದ ಮೇಲೆ ಇಲ್ಲಿ ಒಂದು ಮಾತು ಬರೆಯಿರಿ, ಆ ವಾರ ದನಗಳು ಎಷ್ಟು ಸೇರಿವೆ ಎಂಬುದನ್ನು ನೋಡಿಕೊಂಡು ಬಂದು ತಿಳಿಸುತ್ತೇನೆ.