ಪುಟ್ಟಿಯ ಕಥೆಗಳ ವಿಷಯ: ತಂಗಿಗೂ ದೊಡ್ಡ ಭಾವನವರಿಗೂ

ಎಲ್ಲರಿಗೂ ನಮಸ್ಕಾರ. ತಂಗಿ, ನಿನ್ನೆ ರಾತ್ರಿ ನೀನು ಗುಂಪಿನಲ್ಲಿ ಕೇಳಿದ ಪ್ರಶ್ನೆಗೆ ಎರಡು ಸಾಲಿನಲ್ಲಿ ಉತ್ತರ ಕೊಟ್ಟರೆ ಅನ್ಯಾಯವಾಗುತ್ತದೆ ಎನಿಸಿದ್ದರಿಂದ ಹೀಗೆ ಮಾತಿನಲ್ಲೇ ಹೇಳುತ್ತಿದ್ದೇನೆ. ದೀರ್ಘವಾಗುತ್ತದೆ, ಬಿಡುವಾದಾಗ ಕೇಳು. ಹತ್ತನೆಯ ತರಗತಿಗೆ ಬಂದಿರುವ ಪುಟ್ಟಿ ಹ್ಯಾರಿ ಪಾಟರ್ ಕಥೆಯ ಪಾತ್ರಗಳನ್ನು ಇಟ್ಟುಕೊಂಡು ಯಾರು ಬೇಕಾದರೂ ಕಥೆ ಹಾಕಬಹುದಾದ ವಾಟ್‌ಪ್ಯಾಡ್ ಜಾಲತಾಣದಲ್ಲಿ ಕಂತುಗಳನ್ನು ಬರೆಯುತ್ತಿದ್ದಾಳೆ, ಈಗ ಸ್ವಂತ ಕಥೆ ಬರೆಯುವ ಆಸೆಯಾಗಿದ್ದರೂ ಒಂದು ಪುಟ ದಾಟಲಾಗದೆ ಅಳುತ್ತಾಳೆ, ಏನು ಮಾಡಲಿ ಎಂದು ನೀನು ಕೇಳಿದ್ದೆ. ಅದರ ಕೆಳಗೆ ದೊಡ್ಡ ಭಾವನವರು, ಇನ್ನೊಬ್ಬರ ಪಾತ್ರವನ್ನು ಎತ್ತಿಕೊಂಡು ಬರೆಯುವುದು ಕಾಪಿ ಹೊಡೆದಂತೆ, ಮೊದಲು ಆ ಚಟ ಬಿಡಿಸಿ ಎಂದು ಬರೆದಿದ್ದಾರೆ.

ಭಾವನವರೇ, ನಿಮ್ಮ ಕಾಳಜಿಯನ್ನು ಗೌರವಿಸುತ್ತೇನೆ, ಆದರೆ ಆ ಸಲಹೆಯನ್ನು ಒಪ್ಪಲಾರೆ. ಮಳೆಗಾಲದ ತಾಳಮದ್ದಳೆಯಲ್ಲಿ ನಮ್ಮ ಚಿಕ್ಕಪ್ಪ ಕರ್ಣನ ಅರ್ಥ ಹೇಳುವಾಗ ನೀವು ತಪ್ಪದೆ ಮುಂದಿನ ಸಾಲಿನಲ್ಲಿ ಕುಳಿತು ಕೇಳುತ್ತೀರಿ. ಕರ್ಣನನ್ನು ಸೃಷ್ಟಿಸಿದವರು ಚಿಕ್ಕಪ್ಪ ಅಲ್ಲ, ಭಾಗವತರು ಹಾಡುವ ಪದ್ಯವೂ ಅವರದಲ್ಲ. ಆದರೆ ಕೃಷ್ಣ ಜನ್ಮರಹಸ್ಯವನ್ನು ಹೇಳಿ ಹೋದ ಮೇಲೆ ಕರ್ಣನ ಮನಸ್ಸಿನಲ್ಲಿ ಏನೇನು ಹಾದುಹೋಗಿರಬಹುದು ಎಂದು ಅವರು ಅರ್ಧ ಗಂಟೆ ಆಡುವ ಮಾತು ಪೂರ್ತಿಯಾಗಿ ಅವರದೇ, ಅದನ್ನು ಕೇಳಲೆಂದೇ ನೀವು ಹೋಗುತ್ತೀರಿ. ಪುಟ್ಟಿ ಮಾಡುತ್ತಿರುವುದು ಅದೇ ಜಾತಿಯ ಕೆಲಸ. ಹೊರಗಿನ ಸಾಹಿತ್ಯಲೋಕವೂ ಇದನ್ನು ಈಗ ಹಗುರವಾಗಿ ಕಾಣುವುದಿಲ್ಲ. ಓದುಗರು, ಬರಹಗಾರರೇ ಸೇರಿ ಜಾಹೀರಾತಿಲ್ಲದೆ ನಡೆಸುವ ಆರ್ಕೈವ್ ಆಫ್ ಅವರ್ ಓನ್ ಎಂಬ ಫ್ಯಾನ್ ಫಿಕ್ಷನ್, ಅಂದರೆ ಅಭಿಮಾನಿಗಳು ಬರೆದ ಇಂಥ ಕಥೆಗಳ, ಅಂತರ್ಜಾಲ ಭಂಡಾರಕ್ಕೆ 2019ರಲ್ಲಿ ವೈಜ್ಞಾನಿಕ ಮತ್ತು ಅದ್ಭುತ ಕಥಾಸಾಹಿತ್ಯಕ್ಕೆ ಕೊಡುವ ಹ್ಯೂಗೋ ಪ್ರಶಸ್ತಿ ಬಂದಿತು.

ಹಾಗೆಂದು ಪುಟ್ಟಿಯ ತೊಡಕು ಸುಳ್ಳಲ್ಲ. ಶಾಲೆಯಲ್ಲಿಯೂ ಬೇಸಿಗೆ ಶಿಬಿರಗಳಲ್ಲಿಯೂ ಇಂಥ ಮಕ್ಕಳನ್ನು ಹತ್ತಿರದಿಂದ ನೋಡಿದ್ದೇನೆ. ಇವರಿಗೆ ಸಂಭಾಷಣೆ ಸಲೀಸಾಗಿ ಬರುತ್ತದೆ, ಕಂತನ್ನು ಎಲ್ಲಿ ನಿಲ್ಲಿಸಿದರೆ ಓದುವವರು ಕಾಯುತ್ತಾರೆ ಎಂಬುದು ಗೊತ್ತಿರುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಹಿಡಿದ ಬರವಣಿಗೆಯನ್ನು ಮುಗಿಸುವ ಅಭ್ಯಾಸವಿರುತ್ತದೆ. ಪ್ರಬಂಧ ಸ್ಪರ್ಧೆಯಲ್ಲಿ ಬಹುಮಾನ ಪಡೆಯುವ ಎಷ್ಟೋ ಮಕ್ಕಳಿಗೆ ಈ ಮೂರೂ ಇರುವುದಿಲ್ಲ. ಇವರಿಗೆ ಬಾರದಿರುವುದು ಒಂದೇ: ಏನೂ ತಿಳಿಯದೆ ಬರುವ ಓದುಗನಿಗೆ ಒಂದು ಪಾತ್ರವನ್ನು ಪರಿಚಯಿಸಿ, ಅದರ ಬಗ್ಗೆ ಅವನಲ್ಲಿ ಅಕ್ಕರೆ ಹುಟ್ಟಿಸುವುದು. ಹ್ಯಾರಿಯ ಶಾಲೆಯ ಎದುರಾಳಿ ಡ್ರೇಕೋ ಎಂಥವನು, ಅವನ ತಂದೆ ಎಂಥವನು ಎಂಬುದೆಲ್ಲ ಪುಟ್ಟಿಯ ಓದುಗರಿಗೆ ಮೊದಲೇ ಗೊತ್ತು. ಬೇರೊಬ್ಬರು ಏಳು ಸಂಪುಟಗಳಲ್ಲಿ ದುಡಿದು ಸಂಪಾದಿಸಿದ ಪ್ರೀತಿ ಅವಳಿಗೆ ಮೊದಲ ಸಾಲಿನಲ್ಲೇ ಕೈಗೆ ಸಿಗುತ್ತದೆ. ಸ್ವಂತ ಕಥೆಗೆ ಕುಳಿತ ದಿನ ಆ ಪ್ರೀತಿ ಇರುವುದಿಲ್ಲ, ಆಗ ಅವಳು ತನಗೆ ಪ್ರತಿಭೆಯೇ ಇಲ್ಲ ಎಂದುಕೊಳ್ಳುತ್ತಾಳೆ. ನಿಜವಾಗಿ ಅವಳಲ್ಲಿ ಇಲ್ಲದಿರುವುದು ಒಂದು ಕೌಶಲ ಮಾತ್ರ, ಅದನ್ನು ಕಲಿಯಬೇಕಾದ ಸಂದರ್ಭವೇ ಅವಳಿಗೆ ಇದುವರೆಗೆ ಬಂದಿರಲಿಲ್ಲ.

ಶಿಬಿರದಲ್ಲಿ ಒಬ್ಬ ಹುಡುಗಿ ಬರೆದದ್ದನ್ನು ಹೇಳುತ್ತೇನೆ. ರಜೆಗೆ ಮನೆಗೆ ಬಂದ ಡ್ರೇಕೋ ಊಟದ ಮೇಜಿನ ಮುಂದೆ ಕೂರುತ್ತಾನೆ. "ಅಪ್ಪ ಅದೇ ದೃಷ್ಟಿಯಿಂದ ನೋಡಿದರು, ಡ್ರೇಕೋಗೆ ಎಲ್ಲವೂ ಅರ್ಥವಾಯಿತು" ಎಂದು ಅವಳು ಬರೆದಿದ್ದಳು. ಅದನ್ನು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದ ಅಡುಗೆಯಮ್ಮನಿಗೆ ಓದಿ ಹೇಳಲು ಕಳುಹಿಸಿದೆ. ಅವರು ಕೈ ನಿಲ್ಲಿಸದೆ ಕೇಳಿ, "ಹೇಗೆ ನೋಡಿದ್ರು? ಹುಡುಗ ಏನ್ ಮಾಡಿದ್ದ?" ಎಂದರು. ಹುಡುಗಿಯ ಬಳಿ ಉತ್ತರವಿತ್ತು, ಆದರೆ ಅದು ಕಾಗದದ ಮೇಲೆ ಇರಲಿಲ್ಲ. ಎರಡು ದಿನ ಕೂತು ಅವಳು ತಿದ್ದಿ ತಂದದ್ದರಲ್ಲಿ ಡ್ರೇಕೋ ಇರಲಿಲ್ಲ, ಪಿಯುಸಿ ಹಾಸ್ಟೆಲ್‌ನಿಂದ ದಸರಾ ರಜೆಗೆ ಶಿರಸಿಗೆ ಬಂದ ಹುಡುಗನಿದ್ದ. ಅವನು ಚೀಲವನ್ನು ಜಗುಲಿಯಲ್ಲಿಟ್ಟು ನಿಲ್ಲುತ್ತಾನೆ. ಅಡಿಕೆ ವ್ಯಾಪಾರದ ಅಪ್ಪ ಲೆಕ್ಕದ ಪುಸ್ತಕದಿಂದ ತಲೆ ಎತ್ತದೆ, ರಾಶಿ ಎಷ್ಟು ಚೀಲ, ಚಾಲಿ ಎಷ್ಟು ಚೀಲ ಎಂದು ಆಳನ್ನು ಕೇಳುತ್ತಲೇ ಇರುತ್ತಾರೆ. ಒಳಗಿನಿಂದ ಅಮ್ಮ, ಬಸ್ಸು ತಡವಾಯಿತಾ ಎಂದು ಕೇಳುತ್ತಾಳೆ. ಟೆಸ್ಟಿನ ಅಂಕಗಳ ಮಾತನ್ನು ಆ ರಾತ್ರಿ ಯಾರೂ ಎತ್ತುವುದಿಲ್ಲ. ಈ ಸಲ ಅಡುಗೆಯಮ್ಮ ಏನೂ ಕೇಳಲಿಲ್ಲ, ಪಾಪ ಎಂದರು. ಮಾತಾಡದ ಅಪ್ಪ ಎರಡೂ ಬರಹಗಳಲ್ಲಿ ಇದ್ದಾನೆ ಎಂಬುದನ್ನು ಗಮನಿಸಿ. ಹ್ಯಾರಿ ಪಾಟರ್ ಕಥೆಯಿಂದ ಆ ಹುಡುಗಿ ಎರವಲು ತಂದದ್ದು ಹೆಸರುಗಳನ್ನು, ಜಾಗಗಳನ್ನು. ಆ ಮೌನ ಮಾತ್ರ ಅವಳ ಸ್ವಂತದ್ದಾಗಿತ್ತು.

ತಂಗಿ, ಪುಟ್ಟಿಯ ವಿಷಯದಲ್ಲೂ ಇಲ್ಲಿಂದಲೇ ಆರಂಭಿಸಬೇಕು. "ಹೊಸದೇನಾದರೂ ಬರಿ" ಎಂದು ಯಾರೂ ಅವಳಿಗೆ ಹೇಳಬೇಡಿ. ಹದಿನೈದರ ಮಗುವಿನ ಕೈಯನ್ನು ಕಟ್ಟಿಹಾಕಲು ಅಷ್ಟು ಮಾತು ಸಾಕು. ಅವಳ ಒಪ್ಪಿಗೆ ಕೇಳಿ ನೀನು ಕಳುಹಿಸಿದ ಅಧ್ಯಾಯಗಳನ್ನೆಲ್ಲ ಓದಿದೆ. ಬಹುಪಾಲು ಎಲ್ಲದರಲ್ಲೂ ಒಬ್ಬರು ಗೆಳತಿಯ ಗುಟ್ಟನ್ನು ಕಾಪಾಡಲು ಸುಳ್ಳು ಹೇಳುತ್ತಾರೆ, ಆಮೇಲೆ ಆ ಸುಳ್ಳಿನಿಂದಲೇ ಗೆಳೆತನ ಮುರಿಯುತ್ತದೆ. ಇದು ಅವಳಿಗೆ ಗೊತ್ತಿಲ್ಲದೆ ಅವಳು ಮತ್ತೆ ಮತ್ತೆ ಮರಳುತ್ತಿರುವ ವಸ್ತು, ಅವಳದೇ ಆದ ವಸ್ತು. ಅದನ್ನು ಅವಳಿಗೆ ತೋರಿಸಬೇಕು. ನಂತರ ಕೇಳಬೇಕಾದದ್ದು, ಮಂತ್ರದಂಡವಿಲ್ಲದ ಊರಿನಲ್ಲಿ ಆ ಗುಟ್ಟು ಹೊರಬೀಳುವುದು ಹೇಗೆ, ಟ್ಯೂಷನ್ನಿನಲ್ಲೋ, ಶಾಲೆಯ ವ್ಯಾನಿನಲ್ಲೋ, ಯಾರೋ ಮೇಜಿನ ಮೇಲೆ ಮರೆತುಹೋದ ಮೊಬೈಲಿನಿಂದಲೋ? ಈ ಪ್ರಶ್ನೆಗೆ ಉತ್ತರ ಹುಡುಕುವಾಗ ಕಥೆ ತಾನಾಗಿ ಬದಲಾಗುತ್ತದೆ, ಪಾತ್ರಗಳ ಹೆಸರನ್ನು ಕೊನೆಗೆ ಬದಲಿಸಿದರೂ ನಡೆಯುತ್ತದೆ.

ಹೆಚ್ಚಿನ ಮಕ್ಕಳು ಇದನ್ನು ತಲೆಕೆಳಗಾಗಿ ಮಾಡುತ್ತಾರೆ. ಮೊದಲು ಹೆಸರು ಬದಲಿಸುತ್ತಾರೆ, ಮಿಕ್ಕದ್ದೆಲ್ಲ ಹಾಗೆಯೇ ಉಳಿಯುತ್ತದೆ. ವಾಟ್‌ಪ್ಯಾಡ್‌ನಲ್ಲಿ ಒನ್ ಡೈರೆಕ್ಷನ್ ತಂಡದ ಗಾಯಕನ ಮೇಲೆ 2013ರಲ್ಲಿ ಶುರುವಾದ ಕಥೆಯೊಂದು ಮರುವರ್ಷವೇ ಹೆಸರು ಬದಲಿಸಿಕೊಂಡು ಮುದ್ರಿತ ಪುಸ್ತಕವಾದದ್ದನ್ನು ಪುಟ್ಟಿ ಖಂಡಿತ ಉದಾಹರಿಸುತ್ತಾಳೆ. ಅದು ಪ್ರಕಟಣೆಯ ದಾರಿಯಾಗಬಹುದು, ಆದರೆ ಕಲಿಯುವ ವಯಸ್ಸಿನವರು ಹೆಸರು ಬದಲಿಸಿ ಕಲಿಯುವುದು ಬಹಳ ಕಡಿಮೆ. ಅವಳಿಗೆ ಪಂಪನನ್ನು ತೋರಿಸು. 941ರಲ್ಲಿ ಅವನು ವ್ಯಾಸರ ಕಥೆಯನ್ನೇ ಕೈಗೆತ್ತಿಕೊಂಡು, ತನ್ನ ದೊರೆ ಅರಿಕೇಸರಿಯನ್ನೂ ಅರ್ಜುನನನ್ನೂ ಒಂದಾಗಿಸಿ ಹೇಳಲು ತೀರ್ಮಾನಿಸಿದ. ಹೆಸರುಗಳು ಹಾಗೆಯೇ ಉಳಿದವು, ಆದರೆ ಆ ಒಂದು ತೀರ್ಮಾನದಿಂದ ದ್ರೌಪದಿ ಅರ್ಜುನನೊಬ್ಬನಿಗೇ ಹೆಂಡತಿಯಾದಳು, ಯುದ್ಧದ ಕೊನೆಯಲ್ಲಿ ಪಟ್ಟವೂ ಧರ್ಮರಾಯನ ಬದಲು ಅರ್ಜುನನಿಗೇ ಆಯಿತು. ರನ್ನ ಇಡೀ ಭಾರತವನ್ನು ಭೀಮ ದುರ್ಯೋಧನರ ಗದಾಯುದ್ಧದ ಕಡೆಯಿಂದ ಹಿಂದಕ್ಕೆ ತಿರುಗಿ ನೋಡಿದ. ಎಲ್ಲರಿಗೂ ಗೊತ್ತಿರುವ ಕಥೆಯನ್ನು ಎಲ್ಲಿಂದ ಹಿಡಿಯಬೇಕು, ಅದರಲ್ಲಿ ಯಾವ ಒಂದು ಕೊಂಡಿಯನ್ನು ಬಿಚ್ಚಬೇಕು ಎಂಬುದನ್ನು ಕಲಿಸಲು ಈ ಇಬ್ಬರಿಗಿಂತ ಒಳ್ಳೆಯ ಮೇಷ್ಟ್ರು ನನಗೆ ಸಿಕ್ಕಿಲ್ಲ. ಹತ್ತನೆಯ ತರಗತಿಯಲ್ಲಿ ಇವರನ್ನು ಬರೀ ಅಂಕಕ್ಕಾಗಿ ಓದಿಸಿಬಿಡುತ್ತೇವಲ್ಲ ಎಂಬ ನೋವು ನನಗಿದೆ.

ಸ್ವಂತ ಕಥೆ ಕೈಗೂಡಲು ಎಷ್ಟು ಕಾಲ ಹಿಡಿಯುತ್ತದೆ ಎಂದೂ ನೀನು ಕೇಳಿದ್ದೆ. ಅದಕ್ಕೆ ನಾನು ಇಂಗ್ಲಿಷ್ ಕಾದಂಬರಿಗಾರ್ತಿ ಶಾರ್ಲಟ್ ಬ್ರಾಂಟೆಯ ಬಾಲ್ಯವನ್ನು ಹೇಳುತ್ತೇನೆ. ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಹಾವರ್ತ್ ಎಂಬ ಊರಿನಲ್ಲಿ ಪಾದ್ರಿಯಾಗಿದ್ದ ಅವಳ ತಂದೆ 1826ರಲ್ಲಿ ಮಗನಿಗೆಂದು ಒಂದು ಪೆಟ್ಟಿಗೆ ಮರದ ಸೈನಿಕರನ್ನು ತಂದರು. ಹತ್ತು ವರ್ಷದ ಶಾರ್ಲಟ್ ಒಂದು ಬೊಂಬೆಯನ್ನು ಎತ್ತಿಕೊಂಡು ಅದಕ್ಕೆ ವೆಲಿಂಗ್ಟನ್ ಎಂದು ಹೆಸರಿಟ್ಟಳು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಪಟ್ಟಣದ ಉಸ್ತುವಾರಿ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿಯೇ ಈ ವೆಲಿಂಗ್ಟನ್. ನಮಗೆ ಇಷ್ಟವಾಗುವ ಹೆಸರಲ್ಲ, ಆದರೆ ಆ ಮಕ್ಕಳಿಗೆ ಅವನು ಈಗಿನ ಸಿನಿಮಾ ನಟರ ಹಾಗೆ ಆರಾಧ್ಯನಾಗಿದ್ದ. ಅವನನ್ನೂ ಅವನ ಮಕ್ಕಳನ್ನೂ ನಾಯಕರನ್ನಾಗಿಸಿ ಅವಳು, ತಮ್ಮನ ಜೊತೆ ಸೇರಿ, ಅಂಗೈಗಿಂತ ಚಿಕ್ಕ ಪುಸ್ತಕಗಳಲ್ಲಿ ಅಚ್ಚಿನಂಥ ಅಕ್ಷರದಲ್ಲಿ ಬರೆದಳು, ಬೆಳೆದ ಮೇಲೂ ಬರೆಯುತ್ತಲೇ ಹೋದಳು. ಸುಮಾರು 1839ರಲ್ಲಿ ಆ ಕಲ್ಪನೆಯ ರಾಜ್ಯವನ್ನು ಬಿಡಲು ನಿಶ್ಚಯಿಸಿದಾಗ, ಹೊಸಬರನ್ನು ಕಲ್ಪಿಸಿಕೊಳ್ಳಲು ಹೊರಟರೆ ಒಂದು ಮುಖವೂ ಗುರುತಿಲ್ಲದ ದೂರದೇಶಕ್ಕೆ ಬಂದ ಹಾಗಾಗುತ್ತದೆ ಎಂಬ ಅರ್ಥದ ಮಾತನ್ನು ಬರೆದಿಟ್ಟಳು. ಪುಟ್ಟಿ ಅಳುತ್ತಾ ಹೇಳುತ್ತಿರುವುದು ಇದನ್ನೇ. ಹಳೆಯದನ್ನೆಲ್ಲ ಕಳಚಿಕೊಂಡು ಅವಳು ಬರೆದ ಮೊದಲ ಕಾದಂಬರಿ ತೀರಾ ಬಿಗಿಯಾಗಿತ್ತು, ಪ್ರಕಾಶಕರು ಹಿಂದಿರುಗಿಸಿದರು. ಅದು ಅಚ್ಚಾದದ್ದು ಅವಳು ತೀರಿಕೊಂಡ ಮೇಲೆ, 1857ರಲ್ಲಿ. ಆದರೆ 1847ರಲ್ಲಿ ಅವಳ ಜೇನ್ ಏರ್ ಕಾದಂಬರಿ ಬಂದಾಗ ಬಾಲ್ಯದ ಆ ಬಿಸಿ, ಆ ಆವೇಶ ಮರಳಿ ಬಂದಿತ್ತು. ಆದ್ದರಿಂದ ಪುಟ್ಟಿಯ ಮೊದಲ ಸ್ವಂತ ಕಥೆ ಅವಳ ಡ್ರೇಕೋ ಕಥೆಗಿಂತ ಸಪ್ಪೆಯಾಗಿದ್ದರೆ ಗಾಬರಿಯಾಗಬೇಡಿ. ಎರಡನ್ನೂ ಒಟ್ಟಿಗೆ ಬರೆಯಲು ಬಿಡಿ.

ನಾವು ದೊಡ್ಡವರು ಗಮನಿಸದ ಇನ್ನೊಂದು ಸಂಗತಿಯಿದೆ, ನನ್ನ ಅನುಭವದಲ್ಲಿ ಮಕ್ಕಳು ಸ್ವಂತ ಕಥೆ ಬಿಟ್ಟು ಹಳೆಯ ಪಾತ್ರಗಳಿಗೇ ಮರಳುವುದು ಬಹುತೇಕ ಇದರಿಂದಲೇ. ಪುಟ್ಟಿ ಕಂತು ಹಾಕಿದ ರಾತ್ರಿಯೇ ಯಾರೋ ದೂರದವರು ಮುಂದಿನದು ಯಾವಾಗ ಎಂದು ಕೇಳುತ್ತಾರೆ. ಸ್ವಂತ ಕಥೆ ಹಾಕಿದರೆ ವಾರಗಟ್ಟಲೆ ಯಾರೂ ತಿರುಗಿ ನೋಡುವುದಿಲ್ಲ. ಆ ನಿಶ್ಶಬ್ದವನ್ನು ಹದಿನೈದರ ಮಗು ಒಂಟಿಯಾಗಿ ತಾಳಿಕೊಳ್ಳಬೇಕೆಂದು ನಿರೀಕ್ಷಿಸುವುದು ಕ್ರೌರ್ಯ. ಆದ್ದರಿಂದ ಅವಳ ಜೊತೆ ಬರೆಯುವ ಮೂವರು ನಾಲ್ವರು ಗೆಳತಿಯರನ್ನು ಸೇರಿಸಿ, ಎರಡು ವಾರಕ್ಕೊಮ್ಮೆ ಒಬ್ಬರ ಮನೆಯಲ್ಲಿ ಕುಳಿತು ಗಟ್ಟಿಯಾಗಿ ಓದುವ ಏರ್ಪಾಡು ಮಾಡು. ಕೇಳುವವರು ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನಬಾರದು. ಎಲ್ಲಿ ಅರ್ಥವಾಗಲಿಲ್ಲ, ಮುಂದೇನಾಗುತ್ತದೆ ಎಂದು ಎಲ್ಲಿ ಅನಿಸಿತು ಎಂಬ ಎರಡನ್ನೇ ಹೇಳಬೇಕು. ಅತ್ತೆಯವರೂ ಕೂತು ಕೇಳಲಿ, ಹ್ಯಾರಿ ಪಾಟರ್ ಗೊತ್ತಿಲ್ಲದ ಅವರಂಥ ಕೇಳುಗರು ಈ ಕೆಲಸಕ್ಕೆ ಬಹಳ ಮುಖ್ಯ.

ಭಾಷೆಯ ವಿಷಯದಲ್ಲಿ ಒತ್ತಾಯ ಬೇಡ. ಇಂಗ್ಲಿಷಿನಲ್ಲಿ ಬರೆಯುತ್ತಾಳಾದರೆ ಬರೆಯಲಿ, ಮನೆಯವರ ಮಾತು ಬಂದಾಗ ಮಾತ್ರ ಅದನ್ನು ಕನ್ನಡದಲ್ಲಿ ಒಮ್ಮೆ ಬರೆದು ನೋಡಲು ಹೇಳು, ಉಳಿದದ್ದನ್ನು ಅವಳೇ ನಿರ್ಧರಿಸುತ್ತಾಳೆ.

ಕೊನೆಯದಾಗಿ, ಪುಟ್ಟಿ ಕಥೆ ಕಳುಹಿಸಬೇಕೆಂದಿರುವ ಅಂತರಶಾಲಾ ಕಥಾಸ್ಪರ್ಧೆಯ ವಿಷಯ. ಅದಕ್ಕೆ ಹ್ಯಾರಿ ಪಾಟರ್ ಪಾತ್ರಗಳಿರುವ ಕಥೆಯನ್ನು ಕಳುಹಿಸುವಂತಿಲ್ಲ. 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರ ಜೀವಿತಾವಧಿ ಮತ್ತು ಅವರ ನಂತರದ 60 ವರ್ಷ ಹಕ್ಕು ಅವರದ್ದು, ರೂಪಾಂತರದ ಹಕ್ಕೂ ಅದರಲ್ಲಿ ಸೇರಿದೆ. ಮಹಾಭಾರತದ ಪಾತ್ರಗಳಿಗೆ ಈ ತಡೆ ಇಲ್ಲ, ಹಾಗಾಗಿ ಗೆಳತಿ, ಗುಟ್ಟು, ಸುಳ್ಳು ಎಂಬ ಅವಳ ವಸ್ತುವನ್ನು ಬೇಕಿದ್ದರೆ ವಿರಾಟನ ಅರಮನೆಯ ಅಜ್ಞಾತವಾಸಕ್ಕೆ ತಂದು ಬರೆಯಬಹುದು. ಅಲ್ಲಿ ಸೈರಂಧ್ರಿಯ ವೇಷದಲ್ಲಿರುವ ದ್ರೌಪದಿಯ ಪ್ರತಿಯೊಂದು ದಿನವೂ ಗುಟ್ಟಿನ ಮೇಲೆ ನಿಂತಿದೆ. ಮಾರ್ಚ್ ತಿಂಗಳ ಪರೀಕ್ಷೆ ಮುಗಿಯುವವರೆಗೆ ವಾರಕ್ಕೊಂದು ಪುಟ ಸಾಕು. ಅದನ್ನು ಅವಳಾಗಿ ಕೊಟ್ಟರೆ ಮಾತ್ರ ನನಗೆ ಕಳುಹಿಸು, ಕೊಡದಿದ್ದರೆ ಕೇಳಬೇಡ.