ಮೊದಲ ಕ್ಯಾಮೆರಾ, 40 ಸಾವಿರದ ಒಳಗೆ: ಯಾವುದು ತಗೊಳ್ಳಲಿ?

ಪ್ರಶ್ನೆ
ನಮಸ್ಕಾರ. ಇಷ್ಟು ದಿನ ಮೊಬೈಲಲ್ಲೇ ಫೋಟೋ ತೆಗೆಯುತ್ತಿದ್ದೆ, ಈಗ ಸರಿಯಾಗಿ ಕಲಿಯಬೇಕು ಅನಿಸಿದೆ. ಬಜೆಟ್ 40 ಸಾವಿರ. ಭಾನುವಾರ ಲಾಲ್‌ಬಾಗ್, ಹೆಬ್ಬಾಳ ಕೆರೆ ಕಡೆ ಹಕ್ಕಿ ನೋಡಲು ಹೋಗುತ್ತೇನೆ, ಮನೆಯಲ್ಲಿ ತಂಗಿಯ ಮಗುವೂ ಇದೆ. ಹೊಸದೇ ಬೇಕಾ, ಸೆಕೆಂಡ್ ಹ್ಯಾಂಡ್ ಸಾಕಾ?

ಉತ್ತರ 1
ಸೆಕೆಂಡ್ ಹ್ಯಾಂಡ್ ಧಾರಾಳವಾಗಿ ಸಾಕು. ಕ್ಯಾನನ್ 1500ಡಿ ನೋಡಿ, 2018ರ ಮಾಡೆಲ್, 24 ಮೆಗಾಪಿಕ್ಸೆಲ್. ದುಡ್ಡನ್ನೆಲ್ಲ ಕ್ಯಾಮೆರಾ ಬಾಡಿಯ ಮೇಲೇ ಸುರಿಯಬೇಡಿ, ಲೆನ್ಸ್‌ಗೆ ಉಳಿಸಿಕೊಳ್ಳಿ. ಮಗುವಿನ ಫೋಟೋಗೆ ಹೆಚ್ಚು ಬೆಳಕು ಒಳಬಿಡುವ 50 ಎಂಎಂ ಎಫ್1.8 ಲೆನ್ಸ್ ತುಂಬಾ ಚೆನ್ನಾಗಿದೆ, ಮನೆಯ ಮಂದ ಬೆಳಕಲ್ಲೂ ಫ್ಲ್ಯಾಶ್ ಇಲ್ಲದೆ ತೆಗೆಯಬಹುದು, ಆದರೆ ಈ ಕ್ಯಾಮೆರಾದ ಸೆನ್ಸರ್ (ಚಿತ್ರ ಹಿಡಿಯುವ ಚಿಪ್) ಫುಲ್ ಫ್ರೇಮ್‌ಗಿಂತ, ಅಂದರೆ ಹಳೆಯ 35 ಎಂಎಂ ಫಿಲ್ಮ್ ಅಳತೆಗಿಂತ, ಚಿಕ್ಕದು, ಅದಕ್ಕೇ 80 ಎಂಎಂ ಥರ ಹತ್ತಿರ ಕಾಣುತ್ತದೆ, ಸಣ್ಣ ರೂಮಲ್ಲಿ ಹಿಂದೆ ಸರಿಯಲು ಜಾಗ ಬೇಕು.

ಉತ್ತರ 2
ನಿಕಾನ್ ಡಿ3500 ಕೂಡ ಒಳ್ಳೆಯದು, ಹಗುರ, ಬ್ಯಾಟರಿ ಜಾಸ್ತಿ ಬರುತ್ತದೆ. ಒಂದು ವಿಷಯ: ಅದರ ಬಾಡಿಯಲ್ಲಿ ಫೋಕಸ್ ಮೋಟಾರ್ ಇಲ್ಲ. ಅಗ್ಗ ಅಂತ ಹಳೆಯ ಎಎಫ್-ಡಿ ಲೆನ್ಸ್ ತಗೊಂಡರೆ ಕೈಯಲ್ಲೇ ಫೋಕಸ್ ಮಾಡಬೇಕಾಗುತ್ತದೆ. ಲೆನ್ಸ್ ಒಳಗೇ ಮೋಟಾರ್ ಇರುವ ಎಎಫ್-ಎಸ್ ಅಥವಾ ಎಎಫ್-ಪಿ ಕೇಳಿ.
ಹಳೆಯದು ಯಾವುದೇ ಇರಲಿ, ಶಟರ್ ಕೌಂಟ್ (ಇದುವರೆಗೆ ಎಷ್ಟು ಫೋಟೋ ತೆಗೆದಿದೆ ಅನ್ನೋ ಲೆಕ್ಕ) ಕೇಳದೆ ದುಡ್ಡು ಕೊಡಬೇಡಿ. ಲೆನ್ಸ್ ಒಳಗೆ ಟಾರ್ಚ್ ಬಿಟ್ಟು ನೋಡಿ, ಮಳೆಗಾಲದಲ್ಲಿ ಮುಚ್ಚಿಟ್ಟ ಲೆನ್ಸ್‌ಗೆ ಫಂಗಸ್ ಹಿಡಿದಿರುತ್ತದೆ.

ಉತ್ತರ 3
ಹಕ್ಕಿಗೆ ಕ್ಯಾಮೆರಾ ಜೊತೆ ಸಾಮಾನ್ಯವಾಗಿ ಬರುವ 18-55 ಎಂಎಂ ಲೆನ್ಸ್ ಸಾಲದು, ಕೆರೆ ಆಚೆಯ ಪೆಲಿಕನ್ ಚುಕ್ಕಿ ಥರ ಬರುತ್ತದೆ ಅಷ್ಟೇ. ಕ್ಯಾನನ್ ತಗೊಂಡರೆ ದೂರದ್ದನ್ನು ಹತ್ತಿರ ತೋರಿಸುವ 55-250 ಎಂಎಂ ಲೆನ್ಸ್ ಹುಡುಕಿ. ಮೊದಲು ಒಂದು ದಿನ ಬಾಡಿಗೆಗೆ ತಂದು ನೋಡಿ, ಸುಮ್ನೆ ಅವಸರ ಬೇಡ ಅಲ್ವಾ?