‘ಹೇಳುವವರು ಕೇಳುವವರು’ ಇರುವ ಊರಿಗೆ ಏನೆನ್ನೋಣ?

ಸಮಾಜಶಾಸ್ತ್ರದ ವಿದ್ಯಾರ್ಥಿಗಳಿಗಾಗಿ ಅಪರಾಧ ತಡೆಯ ಸಂಶೋಧನೆಗಳ ಬಗ್ಗೆ ಕನ್ನಡದಲ್ಲಿ ಪಾಠ ಬರೆಯುತ್ತಿದ್ದೇನೆ. ನೆರೆಹೊರೆಯವರು ಒಬ್ಬರನ್ನೊಬ್ಬರು ನಂಬಿ, ತಪ್ಪು ಕಂಡಾಗ ಮುಂದೆ ಬರುವ ಗುಣಕ್ಕೆ ಇಂಗ್ಲಿಷಿನಲ್ಲಿರುವ ‘ಕಲೆಕ್ಟಿವ್ ಎಫಿಕಸಿ’ ಎಂಬ ಪದಕ್ಕೆ ಕನ್ನಡ ಹುಡುಕುತ್ತಾ ನಾಲ್ಕು ದಿನಗಳಿಂದ ನಿಂತಿದ್ದೇನೆ. ಬಲ್ಲವರು ಕೈಹಿಡಿಯಬೇಕು.

ರಾಬರ್ಟ್ ಸ್ಯಾಂಪ್ಸನ್, ಸ್ಟೀಫನ್ ರೌಡೆನ್‌ಬುಷ್ ಮತ್ತು ಫೆಲ್ಟನ್ ಅರ್ಲ್ಸ್ 1997ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಶಿಕಾಗೊ ನಗರದ ಅಧ್ಯಯನವೊಂದನ್ನು ಪ್ರಕಟಿಸಿದರು. ನಗರದ 343 ನೆರೆಹೊರೆಗಳಲ್ಲಿ 8,782 ನಿವಾಸಿಗಳನ್ನು ಮಾತನಾಡಿಸಿದ್ದರು. ಮಕ್ಕಳು ಶಾಲೆ ತಪ್ಪಿಸಿ ಬೀದಿ ಮೂಲೆಯಲ್ಲಿ ನಿಂತಿದ್ದರೆ, ಮನೆಯೆದುರು ಹೊಡೆದಾಟ ಶುರುವಾದರೆ, ಹತ್ತಿರದ ಅಗ್ನಿಶಾಮಕ ಠಾಣೆಗೆ ಸಂಚಕಾರ ಬಂದರೆ ನಿಮ್ಮ ಅಕ್ಕಪಕ್ಕದವರು ಮುಂದೆ ಬರುತ್ತಾರೆಯೇ? ಇಲ್ಲಿನ ಜನರನ್ನು ನಂಬಬಹುದೇ? ಪ್ರಶ್ನೆಗಳು ಹೀಗಿದ್ದವು. ‘ಬರುತ್ತಾರೆ, ನಂಬಬಹುದು’ ಎಂಬ ಭರವಸೆ ಹೆಚ್ಚಿದ್ದ ಕಡೆ ಹಿಂಸೆ ಕಡಿಮೆಯಿತ್ತು. ಬಡತನವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಈ ನಂಟು ಉಳಿಯಿತು. ಈ ಭರವಸೆಯನ್ನೇ ಅವರು ‘ಕಲೆಕ್ಟಿವ್ ಎಫಿಕಸಿ’ ಎಂದು ಕರೆದರು.

‘ಸಾಮೂಹಿಕ ಪರಿಣಾಮಕಾರಿತ್ವ’ ಎಂದು ಬರೆದು ಹೊಡೆದುಹಾಕಿದೆ. ಕೊರೊನಾ ಕಾಲದಲ್ಲಿ ಲಸಿಕೆಗೆ ಅಂಟಿಕೊಂಡ ಪದ ಅದು, ಬೀದಿಗೆ ಒಗ್ಗುವುದಿಲ್ಲ. ‘ಒಗ್ಗಟ್ಟು’ ಹತ್ತಿರ ಬರುತ್ತದೆ, ಆದರೆ ಅರ್ಧ ದಾರಿಗೆ ನಿಲ್ಲುತ್ತದೆ. ಒಬ್ಬರ ಮನೆಯ ಹಬ್ಬಕ್ಕೆ ಇನ್ನೊಬ್ಬರು ಹೋಗುವಷ್ಟು ಒಗ್ಗಟ್ಟಿದ್ದೂ ಬೀದಿಯ ಹೊಡೆದಾಟಕ್ಕೆ ಕಿಟಕಿ ಮುಚ್ಚಿಕೊಳ್ಳುವ ಕೇರಿಗಳಿವೆ. ‘ಕಾವಲು’ ಎಂದರೆ ತಳವಾರನ ಕೆಲಸ, ಊರು ಒಬ್ಬನಿಗೆ ಒಪ್ಪಿಸಿ ಮಲಗುವಂಥದ್ದು. ‘ಕಟ್ಟುಪಾಡು’ ಎಂಬುದನ್ನಂತೂ ನಾನು ಒಪ್ಪಲಾರೆ. ಅದರ ಬೆನ್ನಿಗೆ ದಂಡ, ಬಹಿಷ್ಕಾರಗಳ ನೆನಪಿದೆ. ಜಾತಿಯ ಹೆಸರಿನಲ್ಲಿ ಅದರ ಏಟು ತಿಂದವರು ಇಂದಿಗೂ ಇದ್ದಾರೆ.

ಹೀಗೆ ತಡಕಾಡುತ್ತಿರುವಾಗ ಅಜ್ಜಿಯ ಮಾತು ನೆನಪಾಯಿತು: ‘ಹೇಳುವವರು ಕೇಳುವವರು ಯಾರೂ ಇಲ್ಲದಂತಾಯಿತು.’ ಸಂಶೋಧಕರು ಪ್ರಶ್ನಾವಳಿ ಹಿಡಿದು ಅಳೆದದ್ದು ಯಾವುದರ ಇರುವಿಕೆಯನ್ನೋ, ಅದರ ಇಲ್ಲದಿರುವಿಕೆಗೆ ನಮ್ಮಲ್ಲಿ ಮಾತು ಆಗಲೇ ಸಿದ್ಧವಾಗಿದೆ!

ಇಲ್ಲಿ ‘ಕೇಳುವವರು’ ಯಾರು? ‘ಏನಪ್ಪಾ ಇದು’ ಎಂದು ಪ್ರಶ್ನಿಸುವವರೇ, ಅಥವಾ ಹೇಳಿದ್ದಕ್ಕೆ ಕಿವಿಗೊಟ್ಟು ನಡೆಯುವವರೇ? ನನಗೆ ಎರಡೂ ಸರಿ ಎನಿಸುತ್ತದೆ. ಪ್ರಶ್ನಿಸುವ ನೆರೆಯವರೂ ಬೇಕು, ಅವರ ಮಾತಿಗೆ ಬೆಲೆ ಕೊಡುವ ಹುಡುಗರೂ ಬೇಕು. ಮೂರನೆಯ ಅರ್ಥವೂ ಇದೆ: ಹಕ್ಕಿನಿಂದ ಕೇಳುವುದು. ಅಗ್ನಿಶಾಮಕ ಠಾಣೆ ಉಳಿಸಿ ಎಂದು ಆಡಳಿತವನ್ನು ಕೇಳುವುದು ಇದೇ ತಾನೇ? ಒಂದೇ ಧಾತು ಈ ಮೂರನ್ನೂ ಹೊತ್ತಿರುವಾಗ ಸಂಸ್ಕೃತದಿಂದ ಭಾರದ ಸಮಾಸ ತರಲು ಮನಸ್ಸು ಬರುತ್ತಿಲ್ಲ.

ತೊಡಕು ಎರಡು. ಒಂದು, ಈ ನುಡಿಗಟ್ಟು ‘ಇಲ್ಲ’ ಎಂಬುದರ ಜೊತೆಗೇ ಬದುಕಿದೆ. ‘ನಮ್ಮ ಬಡಾವಣೆಯಲ್ಲಿ ಹೇಳುವವರು ಕೇಳುವವರು ಇದ್ದಾರೆ’ ಎನ್ನಬಹುದು, ಆದರೆ ಅದರಿಂದ ನಾಮಪದ ಹುಟ್ಟುವುದಿಲ್ಲ. ‘ಹೇಳುಕೇಳುತನ’ ಎಂದು ಕಟ್ಟಿ ನೋಡಿದೆ; ಕಿವಿಗೆ ಹೊಸದು, ಆದರೂ ಅರ್ಥ ಬಿಟ್ಟುಕೊಡುತ್ತದೆ. ಎರಡು, ನೈತಿಕ ಪೊಲೀಸ್‌ಗಿರಿ ನಡೆಸುವವರೂ ತಾವು ‘ಕೇಳುವವರು’ ಎಂದೇ ಹೇಳಿಕೊಳ್ಳುತ್ತಾರೆ. ಶಿಕಾಗೊದ ಪರಿಕಲ್ಪನೆಗೆ ಪರಸ್ಪರ ನಂಬಿಕೆ ಆಧಾರ, ಪೊಲೀಸ್‌ಗಿರಿಯಲ್ಲಿರುವುದು ಹೆದರಿಕೆ. ಆ ಗೆರೆ ಪದದಲ್ಲೇ ಕಾಣಬೇಕೆಂಬುದು ನನ್ನ ಆಸೆ. ‘ನೆರೆನಂಬುಗೆ’ ಎಂದರೆ ನಂಬಿಕೆ ಬರುತ್ತದೆ, ಕೇಳುವ ಧೈರ್ಯ ಹೊರಗುಳಿಯುತ್ತದೆ.

ಉತ್ತರ ಕರ್ನಾಟಕದ, ಕರಾವಳಿಯ, ಮಲೆನಾಡಿನ ಗೆಳೆಯರೇ, ನಿಮ್ಮ ಕಡೆ ಇದನ್ನು ‘ಇದೆ’ ಎಂಬ ಅರ್ಥದಲ್ಲಿ ಹೇಳುವ ಮಾತಿದೆಯೇ? ‘ಹೇಳುಕೇಳುತನ’ವನ್ನು ಪಾಠದಲ್ಲಿ ಬಳಸಿದರೆ ನಿಮಗೆ ಎಡವಿದಂತಾಗುತ್ತದೆಯೇ?